ಬದುಕಿದ್ದ ಅಕ್ಕನಿಗೆ ಓದಿಸಿದ ಫಾತಿಹಾ

"ಸತ್ತೋಗಿದ್ರೆ ನಿನ್ನೆ ಬೆಳಗ್ಗೆ ನನ್ ಕೈಗೆ ಕಾಫಿ ಲೋಟ ಕೊಟ್ಟೋರ್ಯಾರು ಸಾಬ್ರೇ? ದೆವ್ವನಾ?"

"ಸ್ವಲ್ಪ ಮೆಲ್ಲಗೆ ಮಾತಾಡಿ ಅಣ್ಣಾ."

"ನಾನ್ಯಾಕ್ ಮೆಲ್ಲಗೆ ಮಾತಾಡ್ಲಿ? ನಿಮ್ ಬೀದೀಲಿ ಹೂ ಕಟ್ಟೋ ಅಮ್ಮನ್ನ ಕೇಳ್ದೆ, 'ಕಲಾಯಿ ಮೊಹಿದ್ದೀನ್ ಸಾಬ್ರ ಮನೆ ಯಾವ್ದಮ್ಮ, ಅವ್ರಕ್ಕನ ವಿಚಾರ ಹೇಳ್ಬೇಕಿತ್ತು' ಅಂತ. 'ಅಯ್ಯೋ, ಆ ಹೆಣ್ಣುಮಗ ತೀರ್ಕೊಂಡು ಎಷ್ಟೋ ಕಾಲ ಆಯ್ತಲ್ಲಪ್ಪಾ' ಅಂತ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. ನನ್ ಎದೆ ಧಸಕ್ ಅಂತು ಕಣಣ್ಣ. ನಿನ್ನೆ ಡ್ಯೂಟಿ ಮುಗಿಸಿ ಬಸ್ ಹತ್ತಿದೋನು ನಾನು, ಅಷ್ಟರೊಳಗೆ ಏನಾಗ್ಬುಡ್ತಪ್ಪಾ ಅಂತ ಅವ್ರಿಗೇನೂ ಹೇಳ್ದೆ ನಿಮ್ಮನ್ನ ಹುಡುಕ್ಕೊಂಡು ಬಂದೆ!"

ಹೀಗೆ, ಪುಣ್ಯಕ್ಕೆ ಮನೆಯಿಂದ ನಾಲ್ಕು ಬೀದಿ ಆಚೆ, ಶಿರಾ ಪೇಟೆಯ ನಡುಬೀದಿಯಲ್ಲಿ ನಿಂತು ಎತ್ತರದ ದನಿಯಲ್ಲಿ ಕೇಳುತ್ತಿದ್ದವನು ಜಯರಾಮಯ್ಯ. ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿ ಅವನಿಗೆ ವಾರ್ಡ್ ನೋಡಿಕೊಳ್ಳುವ ಕೆಲಸ. ಊರು ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ಪಕ್ಕ. ಲೀವಿಗೆ ಬಂದವನು ಹೆಂಡತಿಯ ಕೈಯ ಮುದ್ದೆ ಕೂಡ ಉಣ್ಣದೆ ನೇರ ಶಿರಾ ಬಸ್ಸು ಹತ್ತಿದ್ದ. ಕೇಳಿಸಿಕೊಳ್ಳುತ್ತಿದ್ದವನು ಗುಲಾಮ್ ಮೊಹಿದ್ದೀನ್. ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವುದು ಅವನ ಕಸುಬು. ಅವನ ಮುಂದೆ ಪಾತ್ರೆಯೊಂದು ಬೆಂಕಿಯ ಮೇಲೆ ಕೆಂಪಗೆ ಕಾದಿತ್ತು, ಅದಕ್ಕೆ ಒಂದು ಚಿಟಿಕೆ ನವಸಾಗರ ಉದುರಿಸಬೇಕಿತ್ತು, ಅವನು ಒಂದು ಹಿಡಿ ಸುರಿದುಬಿಟ್ಟ! ಬುಸ್ಸೆಂದು ಬಿಳಿ ಹೊಗೆ ಎದ್ದು ಅವನ ಮುಖವನ್ನು ಮುಚ್ಚಿತು. ಆ ಗಳಿಗೆಯಲ್ಲಿ ಅವನಿಗೆ ಬೇಕಾಗಿದ್ದದ್ದೂ ಅದೇ.

"ಹೊಗೆ ಕಣ್ಣಿಗೆ ಹೋಯ್ತು," ಎಂದ ಮೊಹಿದ್ದೀನ್.

"ಹೋಗ್ಲಿ ಬುಡಿ, ನೀರಾದ್ರೂ ಬರ್ಲಿ," ಎಂದ ಜಯರಾಮಯ್ಯ, ಸ್ವಲ್ಪವೂ ಕನಿಕರವಿಲ್ಲದೆ. "ನೋಡಿ, ಹೊಸ ಡಾಕ್ಟ್ರು ಬಂದವ್ರೆ. ಹೊಸ ಮಾತ್ರೆ ಬಂದೈತೆ. ವಾಸಿಯಾದೋರ್ನ ಗೋಡೆ ಒಳಗೆ ಇಟ್ಕೊಂಡ್ರೆ ಅದು ಆಸ್ಪತ್ರೆ ಅಲ್ಲ, ಬಂದೀಖಾನೆ ಅಂತಾರೆ. ಯಾರ ಮನೆಯೋರು ತಲೆ ಹಾಕಲ್ವೋ, ಆ ಕಡೆ ಊರಿನೋರು ಲೀವಿಗೆ ಹೋದಾಗ ವಿಚಾರಿಸ್ಕೊಂಡು ಬನ್ನಿ ಅಂದವ್ರೆ. ನಿಮ್ಮಕ್ಕ ವಾಸಿಯಾಗಿ ಯಾವ್ ಕಾಲ ಆಯ್ತು! ಅಡುಗೆ ಮನೇನೆ ಅವ್ರ ಕೈಲೈತೆ. 'ಯಾಕಮ್ಮ ನಿಮ್ ತಮ್ಮ ಬರಲ್ಲ' ಅಂತ ಕೇಳಿದ್ರೆ ಏನಂತಾರೆ ಗೊತ್ತಾ? 'ಒಬ್ಬನೇ ಅಲ್ವಾ, ಕೆಲ್ಸ ಜಾಸ್ತಿ ಇರ್ಬೇಕು' ಅಂತಾರೆ."

ಅಷ್ಟೇ ಮಾತು. ಆದರೆ ಅದು ಮೊಹಿದ್ದೀನನ ಎದೆಗೆ ಕಾದ ತವರದ ಹಾಗೆ ಬಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ! ಅಕ್ಕ ಅವನ ಪರವಾಗಿ ನೆಪ ಹೇಳುತ್ತಾ ಕೂತಿದ್ದಾಳೆ, ಇವನು ಇಲ್ಲಿ ಅವಳನ್ನು ಸಾಯಿಸಿ ಕೂತಿದ್ದಾನೆ.

ಹೌದು, ಸಾಯಿಸಿದ್ದ. ಹೇಗೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಲಾಯಿ ಎಂದರೆ ಇಬ್ಬರ ಕೆಲಸ. ಒಬ್ಬರು ತಿದಿ ಒತ್ತಿ ಬೆಂಕಿ ಕಾಯಬೇಕು, ಇನ್ನೊಬ್ಬರು ಕಾದ ಪಾತ್ರೆಯೊಳಗೆ ತವರ ಸವರಿ ಹತ್ತಿಯಿಂದ ಉಜ್ಜಬೇಕು. ಅವರಪ್ಪ ಹುಸೇನ್ ಸಾಬ್ ತಿದಿಗೆ ಕೂರಿಸಿದ್ದು ಮಗನನ್ನಲ್ಲ, ಮಗಳು ಫಕ್ರುನ್ನೀಸಾಳನ್ನು! ವಯಸ್ಸಿಗೆ ಬಂದ ಹುಡುಗಿಯನ್ನು ಬೀದಿಯಲ್ಲಿ ಕೂರಿಸುತ್ತಾನಲ್ಲ ಎಂದು ಜಮಾತಿನ ಹಿರಿಯರು ಗೊಣಗಿದರೆ ಹುಸೇನ್ ಸಾಬ್, "ನನ್ ಮಗ ತಿದಿ ಒತ್ತಿದ್ರೆ ಬೆಂಕಿಗೇ ನಿದ್ದೆ ಬರುತ್ತೆ, ಏನ್ ಮಾಡ್ಲಿ ಹೇಳಿ?" ಎಂದು ನಗುತ್ತಿದ್ದ. ಅಪ್ಪ, ಮಗಳು, ಮಗ ಮೂವರೂ ಗಾಡಿಯಲ್ಲಿ ಊರೂರು ತಿರುಗುತ್ತಿದ್ದರು. ಪಟ್ಟನಾಯಕನಹಳ್ಳಿ ಮಠದ ಕೊಪ್ಪರಿಗೆಗಳು, ಮಧುಗಿರಿಯ ಶೆಟ್ಟರ ಮನೆಯ ಹಂಡೆಗಳು, ಪಾವಗಡದ ಕಡೆಯ ರೆಡ್ಡಿಗಳ ಮನೆಯ ಗಂಗಾಳಗಳು, ಎಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಫಕ್ರುನ್ನೀಸಾ ಇದ್ದಲ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ತಮ್ಮನ ಮೂಗಿಗೆ ಸವರಿ, "ನಿನಗೂ ಕಲಾಯಿ ಆಯ್ತು, ಹೋಗು" ಎನ್ನುತ್ತಿದ್ದಳು.

ಅಮ್ಮ ಮೊದಲೇ ಹೋಗಿದ್ದಳು. ಅಪ್ಪ ಹೋದ ಮೇಲೆ ಫಕ್ರುನ್ನೀಸಾಳಿಗೆ ನಿದ್ದೆ ಹೋಯಿತು. ಅಪ್ಪ ಪಾತ್ರೆಗಳೊಳಗಿಂದ ಕರೆಯುತ್ತಾರೆ ಎಂದಳು. ಹಂಡೆಗಳಿಗೆ ಕಿವಿ ಕೊಟ್ಟು ಕೂತಳು. ಆಮೇಲೆ ಕಂಡವರ ಮನೆಗೆ ನುಗ್ಗಿ ಒಲೆಯ ಮೇಲಿನ ಸಾರನ್ನು ಬೀದಿಗೆ ಚೆಲ್ಲತೊಡಗಿದಳು, "ಕಿಲುಬು ಹಿಡಿದೈತೆ, ವಿಷ, ತಿನ್ಬೇಡಿ" ಎಂದು ಕಿರುಚುತ್ತಾ. ದರ್ಗಾದ ತಾಯತ ಕಟ್ಟಿಸಿದರು. ಯಾರೋ ಹೇಳಿದರೆಂದು ಮಂತ್ರವಾದಿಯೊಬ್ಬನನ್ನು ಕರೆಸಿ ಬೇವಿನ ಬರಲಿನಲ್ಲಿ ಹೊಡೆಸಿದರು. ಕೊನೆಗೆ ಹಿತ್ತಲ ಕಂಬಕ್ಕೆ ಸರಪಳಿ ಬಿಗಿದದ್ದೂ ಆಯಿತು. ಬೀಗ ಒತ್ತಿದ್ದು ಮೊಹಿದ್ದೀನನೇ. ಬೀಗ ಒತ್ತುವಾಗ ಅವಳು ಕಾಲನ್ನು ತಾನೇ ಮುಂದಕ್ಕೆ ಚಾಚಿದ್ದಳು, ತಮ್ಮನಿಗೆ ಕಷ್ಟವಾಗಬಾರದೆಂದು!

ಆಮೇಲೆ ಹುಚ್ಚಾಸ್ಪತ್ರೆಗೆ ಸೇರಿಸಬೇಕೆಂದು ಕೋರ್ಟಿನ ಆರ್ಡರು ಆಯಿತು, ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾಯಿತು. ಅವಳು ಬರುವುದಿಲ್ಲ ಎಂದು ಹಟ ಹಿಡಿದಳು. ಆಗ ಮೊಹಿದ್ದೀನ್ ಏನು ಹೇಳಿದ ಗೊತ್ತೇ? "ಆಪಾ, ಬೆಂಗಳೂರಲ್ಲಿ ದೊಡ್ಡ ಕಲಾಯಿ ಕೆಲ್ಸ ಸಿಕ್ಕಿದೆ. ನೀನಿಲ್ದೆ ಆಗಲ್ಲ. ತಿದಿ ತಗೋ" ಎಂದ. ಅವಳು ತಟ್ಟನೆ ಎದ್ದು ತಲೆ ಬಾಚಿಕೊಂಡಳು. ಬಸ್ಸಿನಲ್ಲಿ ಉದ್ದಕ್ಕೂ ತಿದಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆಸ್ಪತ್ರೆಯ ಗೇಟಿನಲ್ಲಿ ಅವಳನ್ನು ಒಳಗೆ ಬಿಟ್ಟರು, ತಿದಿಯನ್ನು ಬಿಡಲಿಲ್ಲ. ವಾಪಸ್ಸು ಬರುವ ಬಸ್ಸಿನಲ್ಲಿ ತಿದಿ ಮೊಹಿದ್ದೀನನ ತೊಡೆಯ ಮೇಲಿತ್ತು, ಪಕ್ಕದ ಸೀಟು ಖಾಲಿಯಿತ್ತು.

ಮೊದಮೊದಲು ಹೋಗಿ ನೋಡಿಕೊಂಡು ಬರುತ್ತಿದ್ದ. ಅವಳು ಕೈ ಹಿಡಿದು "ಯಾವಾಗ ಮೊಹಿದ್ದೀನಾ?" ಎಂದಷ್ಟೇ ಕೇಳುತ್ತಿದ್ದಳು. "ಮುಂದಿನ ಸಲ ಆಪಾ" ಎನ್ನುತ್ತಿದ್ದ. ಆ ಪ್ರಶ್ನೆಗೆ ಹೆದರಿಯೇ ಹೋಗುವುದು ಕಮ್ಮಿಯಾಯಿತು. ಆಮೇಲೆ ನಿಂತೇಹೋಯಿತು.

ಅಷ್ಟರಲ್ಲಿ ಮಧುಗಿರಿಯಿಂದ ಸಂಬಂಧ ಬಂತು. ಹುಡುಗಿ ಬದರುನ್ನೀಸಾ, ಅವಳ ತಾಯಿ ಚಾಂದ್ ಬಿ. ಗಂಡ ಇಲ್ಲದ ಹೆಂಗಸು, ಇದ್ದೊಬ್ಬ ಮಗಳನ್ನು ಕೊಡುವ ಮುಂಚೆ ಮನೆತನ ನೋಡಬೇಕೆಂದು ತಾನೇ ಶಿರಾಕ್ಕೆ ಬಂದಳು. ಬಂದದ್ದು ಶಬೆ ಬರಾತ್ ಹಬ್ಬದ ಹಿಂದಿನ ದಿನ. ಹಬ್ಬದ ಸಂಜೆ ಮನೆಯಲ್ಲಿ ತೀರಿಹೋದವರ ಹೆಸರಿನಲ್ಲಿ ಸಿಹಿ ಇಟ್ಟು ಫಾತಿಹಾ ಓದಿಸುತ್ತಾರಲ್ಲ, ಅದಕ್ಕೆ ಅಪ್ಪನಿಗೊಂದು ಅಮ್ಮನಿಗೊಂದು ಅಂತ ತಟ್ಟೆಗಳು ಆಗಲೇ ತೊಳೆದು ಬೋರಲಾಗಿದ್ದವು.

"ಅಕ್ಕ ಒಬ್ಳು ಇದ್ಳಂತಲ್ಲ ಬೇಟಾ?" ಎಂದಳು ಚಾಂದ್ ಬಿ.

"ಇದ್ದಳು. ತೀರ್ಕೊಂಡ್ಳು."

"ಯಾ ಅಲ್ಲಾ! ಏನಾಗಿತ್ತು?"

"ಜ್ವರ."

ನೋಡಿ, ಎರಡೇ ಎರಡು ಮಾತು! ಹುಚ್ಚಾಸ್ಪತ್ರೆ ಎಂದರೆ ಹೆಣ್ಣು ಸಿಕ್ಕುವುದಿಲ್ಲ ಎಂಬ ಒಂದೇ ಹೆದರಿಕೆಯಲ್ಲಿ ಬಾಯಿ ಜಾರಿ ಬಂದ ಮಾತು. ಚಾಂದ್ ಬಿ ಕೇಳಿ ಸುಮ್ಮನಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳು ಒಳ್ಳೆಯ ಹೆಂಗಸು, ತೊಂದರೆ ಆದದ್ದೇ ಅದರಿಂದ. ಅವಳ ಕಣ್ಣು ತುಂಬಿಬಂತು.

"ಮದ್ವೆ ಆಗಿತ್ತಾ?"

"ಇಲ್ಲ."

"ಎರಡೇ ತಟ್ಟೆ ಇದಾವಲ್ಲ ಮತ್ತೆ? ಆ ಹುಡುಗಿ ಹೆಸರಲ್ಲಿ ಓದಿಸೋದೇ ಇಲ್ವಾ? ಹಬ್ಬದ ದಿನ ಸತ್ತೋರ ರೂಹುಗಳು ಬಾಗಿಲಿಗೆ ಬರ್ತಾವೆ ಬೇಟಾ. ಅಪ್ಪ ಅಮ್ಮ ಒಳಗೆ ಬಂದು ತಿಂದು ಹೋಗ್ತಾರೆ. ಅವಳು ಹೊಸ್ಲು ಆಚೆ ನಿಂತ್ಕೊಂಡು ನೋಡ್ತಾ ಇರ್ತಾಳೆ. ಗಂಡಸರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ! ಏನು ಇಷ್ಟ ಅವಳಿಗೆ?"

ಮೊಹಿದ್ದೀನ್ ತಟ್ಟೆಗಳ ಕಡೆ ನೋಡಿದ. "ಚೊಂಗೆ" ಎಂದುಬಿಟ್ಟ. ಬೆಲ್ಲದ ಪಾಕ ಹಾಕಿ ಕರಿದ ಚೊಂಗೆ. ಚಾಂದ್ ಬಿ ಸೆರಗು ಬಿಗಿದು ಒಲೆಯ ಮುಂದೆ ಕೂತೇಬಿಟ್ಟಳು. ಮಾರನೆಯ ಸಂಜೆ ಮೂರನೇ ತಟ್ಟೆ ಬಂತು, ಮುಲ್ಲಾ ಸಾಹೇಬರು ಹೆಸರು ಕೇಳಿದರು, ಮೊಹಿದ್ದೀನ್ ಹೆಸರು ಹೇಳಿದ. ಅಪ್ಪನ ಹೆಸರಿನ ಪಕ್ಕದಲ್ಲಿ, ಅಮ್ಮನ ಹೆಸರಿನ ಪಕ್ಕದಲ್ಲಿ, ಬೆಂಗಳೂರಿನಲ್ಲಿ ಉಸಿರಾಡುತ್ತಿದ್ದ ಅಕ್ಕನ ಹೆಸರು.

ಬೀದಿಯವರು ಕೇಳದೆ ಇರುತ್ತಾರೆಯೇ? ಅವರಿಗೆ, ಆಸ್ಪತ್ರೆಯಲ್ಲೇ ಹೋದಳು, ಅಲ್ಲೇ ಮಣ್ಣು ಮಾಡಿದರು ಎಂದ. ಎದುರುಮನೆಯ ಹೂವಿನ ಪಾಪಕ್ಕ ಎದೆ ಬಡಿದುಕೊಂಡು ಅತ್ತಳು. ಅತ್ತು ಮುಗಿಸಿ, ಸಂಬಂಧ ತಪ್ಪಬಾರದೆಂದು ಮಧುಗಿರಿಯವರ ಮುಂದೆ ಆಸ್ಪತ್ರೆಯ ಮಾತನ್ನೇ ಎತ್ತಲಿಲ್ಲ. ಯಾರೂ ಎತ್ತಲಿಲ್ಲ. ಒಂದು ಸುಳ್ಳಿಗೆ ಇಡೀ ಬೀದಿಯೇ ಒಳ್ಳೆಯತನದಿಂದ ಹೆಗಲು ಕೊಟ್ಟಿತು.

ಮದುವೆ ಆಯಿತು, ಮಕ್ಕಳಾದವು. ಚಾಂದ್ ಬಿ ಮಧುಗಿರಿಯ ಮನೆಗೆ ಬೀಗ ಹಾಕಿ ಮಗಳ ಜೊತೆಗೇ ಬಂದಳು. ಪ್ರತಿ ಶಬೆ ಬರಾತಿಗೂ ತಾನು ಕಣ್ಣಲ್ಲೂ ಕಾಣದ ಹುಡುಗಿಗಾಗಿ ಕೂತು ಚೊಂಗೆ ಕರಿಯುತ್ತಿದ್ದಳು, ಅವಳ ಹೆಸರಿನಲ್ಲಿ ಯಾವುದಾದರೂ ಬಡ ಹುಡುಗಿಗೆ ಬಳೆ ತೊಡಿಸುತ್ತಿದ್ದಳು. ಮೊಹಿದ್ದೀನ್ ಆ ತಟ್ಟೆಯಿಂದ ಒಂದು ಚೊಂಗೆ ಎತ್ತಿ ಬಾಯಿಗೆ ಹಾಕಿಕೊಳ್ಳಲೇಬೇಕಿತ್ತು. ಹಾಕಿಕೊಳ್ಳುತ್ತಿದ್ದ. ನೀರು ಕುಡಿದು ಇಳಿಸುತ್ತಿದ್ದ.

ಈಗ ಜಯರಾಮಯ್ಯ ಹೇಳುತ್ತಿದ್ದ, "ಮಂಗಳವಾರ ನಾನು ಡ್ಯೂಟಿಗೆ ವಾಪಸ್ ಹೋಗ್ಬೇಕು. ತುಮಕೂರು ಬಸ್ ಸ್ಟ್ಯಾಂಡಲ್ಲಿ ಕಾಯ್ತೀನಿ. ಬಂದ್ರೆ ಬನ್ನಿ. ಬರ್ದಿದ್ರೆ ನಾನು ಅವ್ರಿಗೆ ಏನಂತ ಹೇಳ್ಲಿ, ಅದನ್ನಾದ್ರೂ ಹೇಳಿಕೊಟ್ಬುಡಿ."

ಹೇಳಿಕೊಡಲು ಮೊಹಿದ್ದೀನನ ಹತ್ತಿರ ಏನೂ ಇರಲಿಲ್ಲ. ಹೋಗಲೇಬೇಕಾಯಿತು. ಆದರೆ ಮಂಗಳವಾರಕ್ಕೆ ಉಳಿದಿದ್ದ ಮೂರು ದಿನದಲ್ಲಿ ಅವನ ತಲೆ ಎಷ್ಟು ಓಡಿತೆಂದರೆ! ನಿಡುಗಲ್ ಬೆಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ ಅಪ್ಪನ ಕಾಲದಿಂದ ಪರಿಚಯವಿದ್ದ ಮುದುಕಿಯೊಬ್ಬಳಿದ್ದಳು, ಅವಳ ಮನೆಯ ಹಿಂದೆ ಒಂದು ಕೋಣೆ ಖಾಲಿಯಿತ್ತು. ಅಕ್ಕನನ್ನು ಅಲ್ಲಿಗೆ ಕರೆದೊಯ್ದು ಬೇರೆ ಹೆಸರು ಹೇಳಿ ಇರಿಸುವುದು, ಕಲಾಯಿಗೆ ಹೋದಾಗಲೆಲ್ಲ ನೋಡಿಕೊಂಡು ಬರುವುದು. ಅಕ್ಕ ಹೊರಗೆ ಬಂದ ಹಾಗೂ ಆಯಿತು, ಮನೆ ಉಳಿದ ಹಾಗೂ ಆಯಿತು. ಹೆಂಡತಿಗೆ "ಪಾವಗಡದ ಕಡೆ ಕೆಲ್ಸ ಇದೆ" ಎಂದು ಹೇಳಿ ಹೊರಟ.

ಆಸ್ಪತ್ರೆಯ ಅಂಗಳದಲ್ಲಿ ಮರದ ಕೆಳಗೆ ಒಂದು ಕಲ್ಲುಬೆಂಚು. ಜಯರಾಮಯ್ಯ ಅವನನ್ನು ಅಲ್ಲಿ ಕೂರಿಸಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಕಡೆಯಿಂದ ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಮೈ ಸ್ವಲ್ಪ ತುಂಬಿಕೊಂಡಿತ್ತು, ಮುಂದಲೆ ನರೆತಿತ್ತು. ನಡಿಗೆ ಮಾತ್ರ ಅದೇ, ತಿದಿಯ ಕಡೆಗೆ ಹೊರಟ ಹಾಗೆ. ಬಂದವಳು ಅವನ ಮುಖವನ್ನಲ್ಲ, ಕೈಯನ್ನು ಎತ್ತಿ ನೋಡಿದಳು.

"ಇನ್ನೂ ನವಸಾಗರ ಜಾಸ್ತಿ ಹಾಕ್ತೀಯಾ? ಬೆರಳೆಲ್ಲ ಸುಟ್ಕೊಂಡಿದೀಯಲ್ಲೋ!"

ಮೊಹಿದ್ದೀನನಿಗೆ ಅಳು ಒತ್ತರಿಸಿ ಬಂತು.

"ಅಳೋದಾದ್ರೆ ಬೇಗ ಅತ್ಬುಡು ತಮ್ಮಾ, ಅನ್ನ ಬಸಿಯೋ ಹೊತ್ತಿಗೆ ನಾನು ಒಳಗಿರ್ಬೇಕು," ಎಂದು ಪಕ್ಕದಲ್ಲಿ ಕೂತಳು. "ಕರ್ಕೊಂಡು ಹೋಗೋಕೆ ಬಂದಿದೀಯಂತೆ. ಜಯರಾಮಣ್ಣ ಹೇಳ್ದ. ಕೇಳಿದ್ ತಕ್ಷಣ ತಲೆ ಬಾಚ್ಕೊಂಡೇ ಬಂದೆ."

"ಹೂಂ ಆಪಾ. ನಿಡುಗಲ್ ಹತ್ರ ಒಂದು ಮನೆ ನೋಡಿದೀನಿ."

"ನಿಡುಗಲ್ಲಾ? ಅಲ್ಯಾಕೆ? ನಮ್ಮನೆ ಬಿದ್ದೋಯ್ತಾ?"

"ಬಿದ್ದಿಲ್ಲ."

"ಮತ್ತೆ?"

"ನನಗೆ ಮದ್ವೆ ಆಗಿದೆ ಆಪಾ."

"ಆಗ್ಲಿ. ಒಳ್ಳೇದೇ ಆಯ್ತು. ನಾನೇನು ನಿಮ್ಮಿಬ್ರ ನಡುವೆ ಚಾಪೆ ಹಾಕ್ಕೊಂಡು ಮಲಗ್ತೀನಾ?"

ಅವಳ ಹಿಂದೆಯೇ ಬಂದು ಅತ್ತ ತಿರುಗಿ ನಿಂತಿದ್ದ ಜಯರಾಮಯ್ಯ ಕಿಸಕ್ಕೆಂದ. ಮೊಹಿದ್ದೀನ್ ನಗಲಿಲ್ಲ.

"ಅವ್ರಿಗೆಲ್ಲ ನೀನು ಇಲ್ಲ ಅಂತ ಹೇಳಿದೀನಿ."

"ಎಲ್ಲಿಲ್ಲ?"

"ಅಂದ್ರೆ... ತೀರ್ಕೊಂಡೆ ಅಂತ."

ಫಕ್ರುನ್ನೀಸಾ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು! "ಯಾವ ಕಾಯ್ಲೇಲಿ ಸಾಯಿಸ್ದೆ?"

"ಜ್ವರ."

"ಬರೀ ಜ್ವರಕ್ಕಾ? ಗಟ್ಟಿಮುಟ್ಟಾಗಿದ್ದೆನಲ್ಲೋ, ಹಾವಾದ್ರೂ ಕಚ್ಚಿಸ್ಬಾರ್ದಿತ್ತಾ! ಫಾತಿಹಾ ಓದಿಸಿದ್ಯಾ?"

"ಪ್ರತಿ ವರ್ಷ ಓದಿಸ್ತೀವಿ. ನಮ್ಮತ್ತೆ ಬಿಡಲ್ಲ."

"ಪಾಪ, ಒಳ್ಳೇವ್ಳು. ತಟ್ಟೇಲಿ ಏನಿಡ್ತೀರಾ?"

"ಚೊಂಗೆ. ನಿನಗೆ ಇಷ್ಟ ಅಂತ."

ನಗು ಅಲ್ಲಿಗೆ ನಿಂತಿತು.

"ಚೊಂಗೆ ನಿನಗೆ ಇಷ್ಟ ಕಣೋ," ಎಂದಳು ನಿಧಾನಕ್ಕೆ. "ನನಗೆ ಸಿಹಿ ಅಂದ್ರೇ ಆಗ್ತಿರ್ಲಿಲ್ಲ. ನಾನು ಹಸಿಮೆಣಸಿನಕಾಯಿ ಉಪ್ಪಿಗೆ ಅದ್ಕೊಂಡು ರೊಟ್ಟಿ ತಿನ್ನೋಳು. ಅಬ್ಬಾಜಾನ್ ಹಬ್ಬಕ್ಕೆ ಚೊಂಗೆ ತಂದ್ರೆ ನನ್ ಪಾಲು ನಿನಗೇ ಕೊಟ್ಬುಡ್ತಿದ್ದೆ. ಸತ್ತ ಮೇಲೂ ನನ್ ಪಾಲು ನೀನೇ ತಿಂದ್ಯಾ?"

ಮೊಹಿದ್ದೀನನಿಗೆ ತಾನು ಸುಳ್ಳು ಹೇಳಿದ್ದು ಗೊತ್ತಿತ್ತು, ಬಚ್ಚಿಟ್ಟದ್ದು ಗೊತ್ತಿತ್ತು, ಅದಕ್ಕೆಲ್ಲ ರಾತ್ರಿ ಹಗಲು ಒಳಗೊಳಗೇ ಬೇಯುತ್ತಲೂ ಇದ್ದ. ಆದರೆ ಇದು ಗೊತ್ತಿರಲಿಲ್ಲ. ಅಕ್ಕನಿಗೆ ಏನು ಇಷ್ಟ ಎಂದು ಕೇಳಿದಾಗ ಅವನಿಗೆ ಅಕ್ಕನ ನಾಲಗೆ ನೆನಪಾಗಲೇ ಇಲ್ಲ, ತನ್ನ ನಾಲಗೆ ನೆನಪಾಯಿತು. ಅಂದರೆ ಜ್ವರ ಎಂದು ಹೇಳುವ ಮುಂಚೆಯೇ, ಚಾಂದ್ ಬಿ ಹೊಸ್ತಿಲು ತುಳಿಯುವ ಮುಂಚೆಯೇ, ಅವಳನ್ನು ಅವನು ಮರೆತುಬಿಟ್ಟಿದ್ದ!

"ತಪ್ಪಾಯ್ತು ಆಪಾ. ನಡಿ, ಹೋಗೋಣ. ನಿಡುಗಲ್ಲಲ್ಲಿ ನಿನಗೇನೂ ಕಮ್ಮಿ ಮಾಡಲ್ಲ."

"ಅಲ್ಲಿ ನನ್ ಹೆಸರೇನು?"

ಅವನು ಸುಟ್ಟ ಬೆರಳುಗಳನ್ನು ಮಡಚಿಕೊಂಡ.

"ಅದನ್ನೂ ಬೇರೆ ಇಟ್ಟಿದೀಯ ಅಲ್ವಾ?" ಎಂದಳು ಫಕ್ರುನ್ನೀಸಾ. ದನಿ ಏರಲಿಲ್ಲ. "ಕೇಳಿಲ್ಲಿ. ಕಂಬಕ್ಕೆ ಕಟ್ಟಿದೆ. ನನಗೆ ಬುದ್ಧಿ ನೆಟ್ಟಗಿರ್ಲಿಲ್ಲ, ನಿನಗೂ ದಿಕ್ಕು ತೋಚ್ಲಿಲ್ಲ, ಆಯ್ತು. ಕೆಲ್ಸ ಇದೆ ಅಂತ ಸುಳ್ಳು ಹೇಳಿ ಇಲ್ಲಿ ಬಿಟ್ಟೆ, ಅದೂ ಆಯ್ತು. ಈಗ ನನ್ ಬುದ್ಧಿ ನೆಟ್ಟಗಿದೆ. ಈಗ್ಲೂ ನನ್ನ ಕೇಳ್ದೆ ಇನ್ನೊಂದು ಕಡೆ ಬಚ್ಚಿಡ್ತೀನಿ ಅಂತೀಯಲ್ಲ! ಇಲ್ಲಿ ದಿನಾ ಬೆಳಗ್ಗೆ ಹೆಸರು ಕೂಗ್ತಾರೆ. ಫಕ್ರುನ್ನೀಸಾ ಅಂತಾರೆ, ಇದೀನಿ ಅಂತೀನಿ. ನಿನ್ ನಿಡುಗಲ್ಲಲ್ಲಿ ಅದೂ ಇಲ್ವಲ್ಲೋ."

"ಹಾಗಾದ್ರೆ ಇಲ್ಲೇ ಇರ್ತೀಯಾ? ಈ ಗೋಡೆ ಒಳಗೇ?"

"ಯಾರಿಗೆ ಬೇಕು ಈ ಗೋಡೆ! ನಮ್ಮ ಬೀದಿ ಕನಸಲ್ಲಿ ಬರುತ್ತೆ ನನಗೆ. ಆದ್ರೆ ಬಂದ್ರೆ ನಮ್ಮನೆಗೆ ಬರ್ತೀನಿ. ಬೆಳಕಲ್ಲಿ, ಮುಂಬಾಗಿಲಿಂದ. ಅಬ್ಬಾಜಾನ್ ಇಟ್ಟ ಹೆಸರಲ್ಲಿ. ನಿಮ್ಮತ್ತೆ ಹತ್ರ ನೀನೇ ಹೇಳು, ನಿನ್ ಬಾಯಿಂದ್ಲೇ. ಬೇರೆಯೋರ ಕೈಲಿ ಹೇಳ್ಸಿದ್ರೆ ನಾನು ಬರಲ್ಲ."

ಮೊಹಿದ್ದೀನ್ ಡಾಕ್ಟರ ಕೋಣೆಗೆ ಓಡಿದ. ಅಕ್ಕನಿಗೆ ಸ್ವಲ್ಪ ಬುದ್ಧಿ ಹೇಳಿ ಸಾರ್, ಹಟ ಮಾಡುತ್ತಾಳೆ ಎಂದು ಬೇಡಿಕೊಂಡ. ಡಾಕ್ಟರು ವಯಸ್ಸಿನಲ್ಲಿ ಇವನಿಗಿಂತ ಚಿಕ್ಕವರು. ಕನ್ನಡಕ ತೆಗೆದು ಒರೆಸಿ, "ಕರ್ಕೊಂಡು ಬರುವಾಗ ಅವರನ್ನ ಯಾರೂ ಕೇಳ್ಲಿಲ್ಲ. ಹೋಗುವಾಗಾದ್ರೂ ಕೇಳ್ಬೇಕಲ್ವಾ?" ಎಂದರು. "ಅವರು ಒಪ್ಪಿದ ಕಡೆಗೆ, ಒಪ್ಪಿದವರ ಜೊತೆ ಕಳಿಸ್ತೀನಿ. ಹಟ ಮಾಡೋದು ಕಾಯಿಲೆ ಅಲ್ಲ ಸಾಹೇಬ್ರೆ, ನಾವೂ ನೀವೂ ದಿನಾ ಮಾಡ್ತೀವಿ."

ವಾಪಸ್ಸು ಬರುವಾಗ ಮತ್ತೆ ಪಕ್ಕದ ಸೀಟು ಖಾಲಿ. ನೆಲಮಂಗಲದ ಹತ್ತಿರ ಮೊಹಿದ್ದೀನ್, ಮೊದಲು ಹೆಂಡತಿಗೆ ಹೇಳುವುದು ಎಂದುಕೊಂಡ. ತುಮಕೂರಿನಲ್ಲಿ ಟೀ ಕುಡಿಯುವಾಗ, ಬರೋ ಶಬೆ ಬರಾತ್ ಕಳೆಯಲಿ, ಆಮೇಲೆ ಹೇಳೋಣ ಎಂದುಕೊಂಡ. ಕಳ್ಳಂಬೆಳ್ಳದಲ್ಲಿ, ಹೇಳದೇ ಇದ್ದರೇನು, ಅಲ್ಲಿ ಊಟ ಬಟ್ಟೆಗೆ ಕಮ್ಮಿಯಿಲ್ಲವಲ್ಲ ಎಂದೂ ಅಂದುಕೊಂಡ. ಅಂದುಕೊಂಡ ತಕ್ಷಣ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಎಂಥ ಬಾಯಿ ಇದು, ಎಲ್ಲಿಗೆ ಹೋದರೂ ಒಂದು ನೆಪ ಹುಡುಕಿಕೊಂಡು ಬರುತ್ತದಲ್ಲ! ಮೈ ಸೋತು ಕಿಟಕಿಗೆ ತಲೆ ಆನಿಸಿದ. ಶಿರಾ ಬಂದರೂ ಏನೂ ತೀರ್ಮಾನವಾಗಿರಲಿಲ್ಲ.

ತೀರ್ಮಾನ ಮಾಡಿದ್ದು ಚಾಂದ್ ಬಿಯ ಮೊರದಲ್ಲಿದ್ದ ಬೆಲ್ಲ. ಮನೆಯೊಳಗೆ ಕಾಲಿಟ್ಟರೆ ಅತ್ತೆ ನಡುಮನೆಯಲ್ಲಿ ಕೂತು ಅಚ್ಚು ಕುಟ್ಟುತ್ತಿದ್ದಳು, ಬದರುನ್ನೀಸಾ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಹಬ್ಬಕ್ಕೆ ಇನ್ನೆರಡೇ ದಿನ.

"ಬಂದ್ಯಾ ಬೇಟಾ? ಈ ಸಲ ಬೆಲ್ಲ ಎಷ್ಟು ಚೆನ್ನಾಗಿ ಸಿಕ್ಕಿದೆ ನೋಡು. ನಿಮ್ಮಕ್ಕನ ಪುಣ್ಯ."

"ಈ ಸಲ ಅವಳ ಹೆಸರಲ್ಲಿ ಬೇಡ ಅಮ್ಮಾ."

"ಯಾಕೆ?"

ನಿಂತಲ್ಲೇ, ಚಪ್ಪಲಿ ಕೂಡ ಬಿಡದೆ, ಗೋಡೆ ನೋಡಿಕೊಂಡು ಹೇಳಿದ. "ಅವಳು ಬದುಕಿದಾಳೆ."

ಆಮೇಲೆ ಎಲ್ಲ ಬಂತು, ತಡೆಯಲು ಆಗಲಿಲ್ಲ. ಕಂಬ, ಬೀಗ, ತಿದಿ, ಗೇಟು, ಜ್ವರ. ಚೊಂಗೆಯದು ಕೂಡ. ಹೇಳಿ ಮುಗಿಸಿದಾಗ ಬದರುನ್ನೀಸಾಳ ಕೈಯ ಜರಡಿ ನಿಂತುಹೋಗಿತ್ತು. ಮೊದಲು ಮಾತಾಡಿದವಳೂ ಅವಳೇ.

"ಏನ್ರೀ, ನಾಳೆ ನನಗೆ ತಲೆ ಕೆಟ್ರೆ ನನಗೂ ಇಷ್ಟೇನಾ? ಎಲ್ಲೋ ಬಿಟ್ಟು ಬಂದು, ಮಕ್ಕಳಿಗೆ ಜ್ವರ ಅಂತ ಹೇಳಿ, ತಟ್ಟೆ ಇಡ್ತೀರಾ?"

"ಇಲ್ಲ ಬದರೂ..."

"ಮುಟ್ಬೇಡಿ ನನ್ನ."

ಚಾಂದ್ ಬಿ ಬೆಲ್ಲದ ಮೊರವನ್ನು ಬದಿಗೆ ತಳ್ಳಿದಳು. "ಹುಚ್ಚಿರೋ ಮನೆಗೆ ಹೆಣ್ಣು ಕೊಡ್ತಿದ್ಯಾ ಅಂದ್ರೆ ಕೊಡ್ತಿರ್ಲಿಲ್ಲ. ನಿನ್ ಹಂಗೆ ನಾನು ಸುಳ್ಳು ಹೇಳಲ್ಲ," ಎಂದಳು. "ಈಗ್ಲೂ ನನಗೆ ಭಯಾನೇ. ಮನೇಲಿ ಚಿಕ್ಕ ಮಕ್ಳಿದಾವೆ. ಆದ್ರೆ ಏನಯ್ಯಾ, ಜೀವ ಇರೋ ಹೆಣ್ಣುಮಗೀನ ಸತ್ತೋರ ಸಾಲಲ್ಲಿ ಕೂರಿಸಿ, ಅದಕ್ಕೆ ನನ್ ಕೈಲಿ ಅಡುಗೆ ಮಾಡ್ಸಿದ್ಯಲ್ಲ! ನಾನು ದುವಾ ಕೇಳ್ತಿದ್ದೆ, ಅವಳ ಗೋರಿ ತಂಪಾಗಿರ್ಲಿ ಅಂತ. ಅವಳು ಅಲ್ಲಿ ಕೂತು ದಾರಿ ನೋಡ್ತಿದ್ಳಲ್ಲೋ. ನನ್ ದುವಾನೆಲ್ಲ ಎಲ್ಲಿಗೆ ಕಳಿಸ್ದೆ ನೀನು?"

ಚಾಂದ್ ಬಿ ಎದ್ದು, ತಲೆಯ ಮೇಲೆ ಸೆರಗೆಳೆದುಕೊಂಡು, ಬಾಗಿಲು ದಾಟಿ, ಬೀದಿ ದಾಟಿ ಹೋದಳು. ಅವಳು ಎದುರುಮನೆಯ ಕಟ್ಟೆಯ ಮುಂದೆ ನಿಂತು ಹೇಳಿದ್ದು ಇಲ್ಲಿಗೂ ಕೇಳಿಸಿತು, ಬೀದಿಯ ಕೊನೆಯ ಮನೆಗೂ ಕೇಳಿಸಿರಬೇಕು.

"ಪಾಪಕ್ಕಾ, ಫಕ್ರುನ್ನೀಸಾ ಸತ್ತಿಲ್ಲ ಕಣಮ್ಮ! ಬೆಂಗಳೂರಾಸ್ಪತ್ರೇಲಿ ಗುಂಡುಕಲ್ಲಿನ ಹಂಗೆ ಇದಾಳಂತೆ!"

"ಅಯ್ಯೋ ನಮ್ಮವ್ವಾ! ಅತ್ತು ಅತ್ತು ನನ್ ಕಣ್ಣೇ ಹೋಗಿತ್ತಲ್ಲೇ!" ಎಂದು ಪಾಪಕ್ಕ ಹೂವಿನ ಬುಟ್ಟಿ ಬಿಟ್ಟು ಎದ್ದಳು. "ಎಲ್ಲವ್ನೇ ಆ ಮೊಹಿದ್ದೀನ? ಲೇ, ಬಾರ್ಲಾ ಆಚೆಗೆ! ಎಷ್ಟು ಧೈರ್ಯ ಕಣ್ಲಾ ನಿಂಗೆ!"

ಮೊಹಿದ್ದೀನ್ ಹೊರಗೆ ಹೋದ. ಬೈಸಿಕೊಂಡ. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸುವಷ್ಟು ಬೈದರು, ಆದರೂ ಅಷ್ಟು ಬೈಗುಳವೂ ಅವನಿಗೆ ಸಾಲದಾಗಿತ್ತು. ಬೈದವರು ಯಾರೂ ಅವನು ತನ್ನನ್ನು ತಾನು ಬೈದುಕೊಂಡಷ್ಟು ಬೈದಿರಲಿಲ್ಲ.

ಹಬ್ಬದ ದಿನ ಮನೆಯಲ್ಲಿ ಎರಡೇ ತಟ್ಟೆ. ಬದರುನ್ನೀಸಾ ಗಂಡನಿಗೆ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ಫಾತಿಹಾ ಮುಗಿದು ಮುಲ್ಲಾ ಸಾಹೇಬರು ಹೋದ ಮೇಲೆ ಮೊಹಿದ್ದೀನ್ ಅತ್ತೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಅಮ್ಮಾ, ಅವಳನ್ನ ಕರ್ಕೊಂಡು ಬರ್ಲಾ?"

"ನೀನ್ಯಾರು ಕರ್ಕೊಂಡು ಬರೋಕೆ? ಕೋಳೀನಾ ಅವಳು, ರೆಕ್ಕೆ ಹಿಡ್ಕೊಂಡು ತರೋಕೆ?" ಎಂದಳು ಚಾಂದ್ ಬಿ. ಸ್ವಲ್ಪ ಹೊತ್ತು ಎಲೆ ಅಡಿಕೆ ಜಗಿದು, ಆಮೇಲೆ ಅವನ ಮುಖ ನೋಡದೆಯೇ ಹೇಳಿದಳು. "ಬರೋ ವಾರ ಹೋಗೋಣ. ನಾನು ಬರ್ತೀನಿ, ಬದರೂನೂ ಬರ್ತಾಳೆ, ಮಕ್ಕಳನ್ನ ಪಾಪಕ್ಕ ನೋಡ್ಕೋತಾಳೆ. ನೀನು ದಾರಿ ತೋರ್ಸೋಕೆ ಬಾ. ಬಸ್ಸಲ್ಲಿ ನಾವು ಮುಂದೆ ಕೂತ್ಕೊಳ್ತೀವಿ, ನೀನು ಹಿಂದೆ."

"ಬಂದು... ಹೆಂಗಿದಾಳೆ ಅಂತ ನೀವು ನೋಡಿದ್ರೆ ಸಾಕು ಅಮ್ಮಾ, ನಿಮಗೇ ಗೊತ್ತಾಗುತ್ತೆ ಅವಳು..."

"ನಾವು ನೋಡೋಕಲ್ಲಯ್ಯಾ. ಅವಳು ನಮ್ಮನ್ನ ನೋಡ್ಲಿ. ಇಂಥಾ ಮನೆಗೆ ಬರ್ಬೇಕೋ ಬೇಡ್ವೋ ಅಂತ ಅವಳು ಯೋಚ್ನೆ ಮಾಡ್ಬೇಕಲ್ಲ?"

"ಒಪ್ದೆ ಇದ್ರೆ?"

"ಒಪ್ದೆ ಇದ್ರೆ ಅದರ ಮುಂದಿನ ವಾರ ಮತ್ತೆ ಹೋಗೋದು," ಎಂದಳು ಚಾಂದ್ ಬಿ. "ಬೆಳಗ್ಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ ಅಂತ ಕೇಳ್ಕೊಂಡು ಬಾ, ಹೋಗು."